ಇನ್ನೂ ಕಾಡು ದಾಟಿಲ್ಲ

ಲತ್ಸಮಿ ಇಂಗ್ಲಿಷ್ ಕಲಿತದ್ದು ಶಾಲೆಯಲ್ಲಲ್ಲ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಫೋನ್ಸವಾನ್ ಪೇಟೆಯ ಒಂದು ಸಣ್ಣ ವಸತಿಗೃಹದಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಫರಂಗಿಯರಿಗೆ ತಿಂಡಿ ಕೊಡುವುದು, ಆಮೇಲೆ ಅವರ ಹಾಸಿಗೆಯ ಚಾದರಗಳನ್ನು ಒಗೆದು ಹಿತ್ತಲಲ್ಲಿ ಹರವುವುದು. ತಿಂಡಿಯ ಹೊತ್ತಿನಲ್ಲಿ ಕಿವಿಗೆ ಬಿದ್ದ ಮಾತುಗಳನ್ನು ಅವಳು ಚಾದರ ಹಿಂಡುತ್ತಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಎಷ್ಟೋ ಮಾತು ಸಾಬೂನಿನ ನೊರೆಯ ಜೊತೆ ಹರಿದು ಹೋಗುತ್ತಿದ್ದವು, ಕೆಲವು ಉಳಿಯುತ್ತಿದ್ದವು. ಹಕ್ಕಿ ನೋಡಲು ಬಂದಿದ್ದ ಒಬ್ಬ ಮುದುಕ ಒಂದು ಬೆಳಿಗ್ಗೆ ‘ವುಡ್ಸ್’ ಎಂದಾಗ, ಇವಳು ಸೌದೆ ಬೇಕೇನೋ ಎಂದುಕೊಂಡು ಒಲೆಯ ಹತ್ತಿರದಿಂದ ಎರಡು ಸೌದೆ ತಂದು ಅವನ ಮುಂದೆ ಹಿಡಿದಿದ್ದಳು. ಮುದುಕ ನಕ್ಕು, ಕಿಟಕಿಯಾಚೆಯ ಗುಡ್ಡ ತೋರಿಸಿ, ‘ವುಡ್’ ಎಂದರೆ ಸೌದೆ, ಕೊನೆಯಲ್ಲಿ ‘ಸ್’ ಸೇರಿದರೆ ಕಾಡು ಎಂದು ಕೈಸನ್ನೆಯಲ್ಲಿ ತಿಳಿಸಿದ್ದ. ಆ ಮಾತು ಅವಳ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು.

ಅವಳಿಗೆ ಒಂದು ಅಭ್ಯಾಸವಿತ್ತು. ಅರ್ಧ ತಿಳಿದರೂ ಪೂರ್ತಿ ತಿಳಿದವಳಂತೆ ‘ಯೆಸ್, ಯೆಸ್’ ಎಂದು ತಲೆಯಾಡಿಸುವುದು. ಹಾಗೆ ಮಾಡಿದರೆ ಎದುರಿನವರ ಮುಖ ಅರಳುತ್ತಿತ್ತು, ಇವಳಿಗೂ ಒಳಗೊಳಗೇ ಹೆಮ್ಮೆ. ಗಂಡ ಖಾಮ್‌ಸೆಂಗ್ ಮಾತ್ರ ಅದನ್ನು ಕಂಡುಹಿಡಿದಿದ್ದ.

“ನಿಂಗೆ ಅರ್ಥ ಆಗದೇ ಇರೋವಾಗ್ಲೇ ತಲೆ ಜೋರಾಗಿ ಆಡ್ಸ್ತೀಯ ಕಣೇ,” ಎಂದು ಅವನು ಚುಡಾಯಿಸುತ್ತಿದ್ದ. “ಯಾವತ್ತಾದ್ರೂ ಒಬ್ಬ ಫರಂಗಿ, ನಿನ್ನ ಗಂಡನ್ನ ಮಾರ್ತೀಯಾ ಅಂತ ಕೇಳಿದ್ರೂ ಯೆಸ್ ಅಂತೀಯ.”

“ಕೇಳ್ಲಿ, ತಗೊಂಡು ಹೋಗ್ಲಿ. ಎರಡು ದಿನಕ್ಕೆ ವಾಪಸ್ ತಂದು ಬಿಡ್ತಾರೆ,” ಎನ್ನುತ್ತಿದ್ದಳು ಇವಳು.

ಮಾರ್ಚ್ ತಿಂಗಳು, ಬೇಸಾಯಕ್ಕೆ ಗುಡ್ಡ ಸವರುವ ಕಾಲ. ಊರಾಚೆ ಕಾಡಿನ ಅಂಚಿನಲ್ಲಿದ್ದ ತುಂಡು ಜಾಗವನ್ನು ಹಸನು ಮಾಡಲು ಖಾಮ್‌ಸೆಂಗ್ ತಮ್ಮ ತುಯ್‌ನ ಜೊತೆ ಹೋಗಿದ್ದ. ಮಧ್ಯಾಹ್ನ ಕಹಿ ಬಿದಿರಿನ ಕಳಲೆ ಸುಟ್ಟು ತಿನ್ನೋಣವೆಂದು ಒಂದಿಷ್ಟು ಒಣ ಎಲೆ ಗುಡ್ಡೆ ಹಾಕಿ ಬೆಂಕಿ ಹಚ್ಚಿದ. ಆ ನೆಲದಡಿ ಒಂದು ಬಾಂಬಿ ಇತ್ತು. ಮುಷ್ಟಿಗಾತ್ರದ ಆ ಕಬ್ಬಿಣದ ಉಂಡೆಗಳನ್ನು ಆ ಕಡೆಯವರೆಲ್ಲ ಹಾಗೆಯೇ ಕರೆಯುವುದು. ಅಜ್ಜಂದಿರ ಕಾಲದ ಯುದ್ಧದಲ್ಲಿ ಆಕಾಶದಿಂದ ಬಿದ್ದು ಸಿಡಿಯದೆ ಉಳಿದವು ಅವು. ಬೆಂಕಿಯ ಕಾವಿಗೆ ಅದು ಸಿಡಿಯಿತು. ತುಯ್ ನೀರು ತರಲು ಹಳ್ಳಕ್ಕೆ ಇಳಿದಿದ್ದರಿಂದ ಪಾರಾದ. ಸದ್ದು ಪೇಟೆಗೂ ಕೇಳಿಸಿತು. ಹಿತ್ತಲಲ್ಲಿ ಚಾದರ ಹರವುತ್ತಿದ್ದ ಲತ್ಸಮಿ, ಬಾಂಬಿ ತೆಗೆಯುವ ತಂಡದವರು ಏನೋ ಸಿಡಿಸಿರಬೇಕು ಎಂದುಕೊಂಡು ಇನ್ನೊಂದು ಚಾದರ ಎತ್ತಿಕೊಂಡಳು. ಎಷ್ಟೋ ದಿನ ಅವಳನ್ನು ಸುಟ್ಟದ್ದು ಇದೇ. ತಾನು ಆ ಸದ್ದು ಕೇಳಿಯೂ ಚಾದರ ಹರವಿದೆನಲ್ಲ ಎಂಬುದು.

ತುಯ್ ಅಣ್ಣನನ್ನು ಹೊತ್ತು ತಂದು, ಕೈಟ್ರ್ಯಾಕ್ಟರಿನ ಗಾಡಿಯಲ್ಲಿ ಮಲಗಿಸಿ ಆಸ್ಪತ್ರೆ ಮುಟ್ಟಿಸಿದ. ಅಲ್ಲಿಯ ವೈದ್ಯರಿಗೆ ಕಲಿಸಲೆಂದು ಹೊರದೇಶದಿಂದ ಬಂದಿದ್ದ ಐವರ್ ಎಂಬ ಡಾಕ್ಟರು ಕತ್ತಲಾಗುವವರೆಗೂ ಶಸ್ತ್ರಕ್ರಿಯೆ ಮಾಡಿದರು. ಬಲಗೈ ಮಣಿಕಟ್ಟಿನ ತನಕ ಹೋಯಿತು. ಹೊಟ್ಟೆಯಿಂದ ಕಬ್ಬಿಣದ ಚೂರುಗಳನ್ನು ತೆಗೆದರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿದರು. ಮರುದಿನದಿಂದ ಜ್ವರ ಏರಿತು. ಖಾಮ್‌ಸೆಂಗ್ ಉಳಿದ ಒಂದು ಕಣ್ಣು ತೆರೆದು ನೋಡುತ್ತಿದ್ದ, ಆದರೆ ಆ ನೋಟ ಇವಳ ಮುಖವನ್ನು ದಾಟಿ ಹಿಂದಿನ ಗೋಡೆಗೆ ಹೋಗುತ್ತಿತ್ತು. “ಬೆಂಕಿ ಆರಿಸು, ಬೆಂಕಿ ಆರಿಸು,” ಎನ್ನುತ್ತಿದ್ದ. ‘ನಾನು ಕಣೋ, ಲತ್ಸಮಿ’ ಎಂದರೂ ಮತ್ತೆ ಅದನ್ನೇ ಎನ್ನುತ್ತಿದ್ದ.

ಲತ್ಸಮಿಯ ಅವ್ವ ಬುವಾಪಾನ್, ಮಂಡಿನೋವಿನ ಮುದುಕಿ, ಹಾಸಿಗೆಯ ಕಾಲುಬದಿಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಳು. ಮೊದಲ ದಿನವೇ ಅವಳು ಅಳಿಯನ ಕಾಲು ಮುಟ್ಟಿ ನೋಡಿ ಹೇಳಿದ್ದಳು, “ಇವನ ಖ್ವಾನ್ ಇಲ್ಲಿಲ್ಲ. ಅಲ್ಲೇ ಉಳ್ಕೊಂಡಿದೆ.”

ಮನುಷ್ಯನ ಮೈಯಲ್ಲಿ ಮೂವತ್ತೆರಡು ಖ್ವಾನ್ ಇರುತ್ತವೆ, ಭಾರೀ ಹೆದರಿಕೆಯಾದರೆ ಅವು ಮೈಬಿಟ್ಟು ಹಾರಿ, ಹೆದರಿದ ಜಾಗದಲ್ಲೇ ದಾರಿ ತಪ್ಪಿ ಅಲೆಯುತ್ತವೆ ಎಂಬುದು ಆ ಸೀಮೆಯಲ್ಲಿ ಎಳೆಮಕ್ಕಳಿಗೂ ಗೊತ್ತು. ಹೋಗಿ ಕರೆದು ತರಬೇಕು. ತರದಿದ್ದರೆ ಖಾಲಿ ಮನೆಯ ಸೂರು ಕುಸಿದಂತೆ ಮೈ ಕುಸಿಯುತ್ತದೆ.

“ಅವ್ವಾ, ಇದು ಔಷಧಿ ಕೆಲ್ಸ. ಡಾಕ್ಟ್ರು ನೋಡ್ಕೋತಾರೆ, ಸುಮ್ನಿರು,” ಎಂದಿದ್ದಳು ಲತ್ಸಮಿ.

“ನೋಡ್ಕೊಳ್ಲಿ. ನಾನೇನು ಬೇಡ ಅಂದ್ನಾ? ಹಾಳಾದ ಗಾಡಿ ಅವ್ರು ರಿಪೇರಿ ಮಾಡ್ಲಿ. ಆದ್ರೆ ಓಡ್ಸೋನು ಎಲ್ಲವ್ನೆ?”

ಜ್ವರ ಇಳಿಯದೆ ನಾಲ್ಕೈದು ದಿನ ಕಳೆದ ಮೇಲೆ, ಒಂದು ಬೆಳಿಗ್ಗೆ ಖಾಮ್‌ಸೆಂಗ್‌ನ ಎದೆಯ ಎಕ್ಸ್‌ರೇ ತೆಗೆದರು. ಡಾಕ್ಟರ್ ಐವರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಂದಿನಂತೆ ಅವರ ಮಾತನ್ನು ಊರಿನ ಭಾಷೆಗೆ ತಿರುಗಿಸಿ ಹೇಳಲು ನರ್ಸ್ ಮಾಲಾವನ್ ಜೊತೆಯಲ್ಲಿದ್ದಳು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಹೆರಿಗೆಯ ತುರ್ತೆಂದು ಯಾರೋ ಕೂಗಿದರು. ಮಾಲಾವನ್ ಓಡಿದಳು. ಡಾಕ್ಟರು ಒಂದು ಗಳಿಗೆ ಕಾದು, ಲತ್ಸಮಿಯ ಕಡೆ ತಿರುಗಿ, ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದರು.

“ಹೀ ಈಸ್ ನಾಟ್ ಔಟ್ ಆಫ್ ದ ವುಡ್ಸ್ ಯೆಟ್.”

ಆಮೇಲೆ, ಅರ್ಥವಾಯಿತೇ ಎಂದು ಕೇಳಿದರು. ಲತ್ಸಮಿ “ಯೆಸ್, ಯೆಸ್,” ಎಂದಳು. ಈ ಸಲ ಅದು ಬರಿಯ ಅಭ್ಯಾಸಬಲವಲ್ಲ. ಪ್ರತಿಯೊಂದು ಮಾತೂ ಅವಳಿಗೆ ಗೊತ್ತಿತ್ತು. ‘ಅವನು’ ಗೊತ್ತು. ‘ಹೊರಗೆ’ ಗೊತ್ತು. ‘ಕಾಡು’ ಗೊತ್ತು. ‘ಇನ್ನೂ ಇಲ್ಲ’ ಎಂಬುದು ಗೊತ್ತು. ಅವನು ಇನ್ನೂ ಕಾಡಿನಿಂದ ಹೊರಗೆ ಬಂದಿಲ್ಲ.

ಡಾಕ್ಟರು ಅವಳ ಭುಜ ತಟ್ಟಿ ಮುಂದಿನ ಹಾಸಿಗೆಗೆ ಹೋದರು. ಲತ್ಸಮಿ ಗಂಡನ ಕಡೆ ತಿರುಗಿದಳು. ಖಾಮ್‌ಸೆಂಗ್ ಕಣ್ಣೆದುರೇ ಮಲಗಿದ್ದಾನೆ. ಹಾಗಾದರೆ ಕಾಡಿನಿಂದ ಬರದವನು ಯಾರು? ಈ ಫರಂಗಿಗೆ ಖ್ವಾನ್ ಎಂದರೇನೆಂದೇ ತಿಳಿಯದು. ಅವ್ವ ಆಡಿದ ಮಾತು ಅವನ ಕಿವಿಗೆ ಬಿದ್ದಿರಲಾರದು. ಎದೆಯೊಳಗಿನದನ್ನು ತೋರಿಸುವ ಯಂತ್ರದಲ್ಲಿ ಅವನು ಏನು ಕಂಡ? ಬೆಳಕಿಗೆ ಹಿಡಿದಾಗ ಅವಳಿಗೂ ಒಂದಿಷ್ಟು ಕಂಡಿತ್ತು. ಬಿಳಿ ಪಕ್ಕೆಲುಬುಗಳ ಬುಟ್ಟಿ, ಅದರೊಳಗೆ ಬರೀ ಕತ್ತಲು.

“ಏನಂದ್ರು?” ಎಂದಳು ಅವ್ವ.

“ನೀನು ಹೇಳಿದ್ದೇ ಅಂದ್ರು ಅವ್ವಾ. ಇನ್ನೂ ಕಾಡಲ್ಲೇ ಇದ್ದಾನಂತೆ.”

ಮುದುಕಿಯ ಬಾಯಿ ತೆರೆದುಕೊಂಡಿತು. ಐದು ದಿನದಿಂದ ಅದನ್ನೇ ಹೇಳುತ್ತಿದ್ದವಳು, ಅದನ್ನು ಫರಂಗಿ ಡಾಕ್ಟರೂ ಹೇಳಿದನೆಂದಾಗ ಮಗಳಿಗಿಂತ ಹೆಚ್ಚು ಹೆದರಿದಳು. ಮಗಳನ್ನು ಹತ್ತಿರಕ್ಕೆ ಎಳೆದು ಪಿಸುಗುಟ್ಟಿದಳು, “ಹಾಗಾದ್ರೆ ತಡ ಮಾಡ್ಬೇಡ. ಮನೆಗೆ ಹೋಗು. ಅವನ ಅಂಗಿ ತಗೋ, ಒಗೆದಿದ್ದಲ್ಲ, ಬೆವರು ಇರೋದು. ಮೀನು ಗೋರೋ ಕೈಬಲೆ ತಗೋ. ಬೇಯಿಸಿದ ಮೊಟ್ಟೆ, ಒಂದು ಉಂಡೆ ಅಂಟನ್ನ. ಬೆಂಕಿ ಹಾಕಿದ್ನಲ್ಲ, ಸರಿಯಾಗಿ ಅದೇ ಜಾಗಕ್ಕೆ ಹೋಗಿ ಗೋರ್ಬೇಕು. ದೂರದಿಂದ ಕೂಗಿದ್ರೆ ಬರಲ್ಲ. ನಿನ್ನ ಗಂಡ ಊಟಕ್ಕೇ ಹತ್ತು ಸಲ ಕೂಗಿಸ್ಕೊಳ್ಳೋನು.”

ಅಷ್ಟು ಹೇಳಿ ಅವಳು ನಗಲು ಹೋದಳು, ಆಗಲಿಲ್ಲ.

ಆ ಜಾಗಕ್ಕೆ ಬಾಂಬಿ ತಂಡದವರು ಕೆಂಪು ತಲೆಯ ಗೂಟ ನೆಟ್ಟು ಸುತ್ತ ಪಟ್ಟಿ ಕಟ್ಟಿದ್ದಾರೆ, ಒಳಗೆ ಇನ್ನೆಷ್ಟು ಹೂತಿವೆಯೋ ಗೊತ್ತಿಲ್ಲ ಎಂದು ತುಯ್ ಹೇಳಿದ್ದ. ಲತ್ಸಮಿ ಅದನ್ನು ಅವ್ವನಿಗೆ ಹೇಳಲಿಲ್ಲ. ತುಯ್‌ಗೂ ತಿಳಿಸದೆ ಹೊರಟಳು.

ಗುಡ್ಡದ ದಾರಿಯುದ್ದಕ್ಕೂ ಅವಳು ದಿನವೂ ಅಡಿಯಿಟ್ಟ ನೆಲವೇ ಇತ್ತು. ಅಣಬೆಗೆ, ಕಳಲೆಗೆ, ಏಲಕ್ಕಿಗೆ ಚಿಕ್ಕಂದಿನಿಂದ ಓಡಾಡಿದ ಕಾಡು. ಆದರೆ ಗೂಟಗಳ ಕೆಂಪು ಕಂಡಾಗ ಅವಳ ಕಾಲುಗಳು ತಾವಾಗಿಯೇ ನಿಂತವು. ಪಕ್ಕದ ಗದ್ದೆಯಲ್ಲಿ ಕೆಲಸ ಮಾಡುವ ಬಾಂಬಿ ತಂಡದವರು ಊಟಕ್ಕೆ ನೆರಳಿಗೆ ಹೋಗಿದ್ದರು, ಅವರ ಮಾತು ದೂರದಿಂದ ಕೇಳುತ್ತಿತ್ತು. ಪಟ್ಟಿಯಾಚೆ ಒಣ ಎಲೆ ದಟ್ಟವಾಗಿ ಹಾಸಿತ್ತು. ಅದರ ಮೇಲೆ ಒಂದು ಹಲ್ಲಿ ಓಡಿದರೂ ಸರಸರ ಸದ್ದು. ತುಯ್ ಅಣ್ಣನನ್ನು ಹೊತ್ತು ತಂದದ್ದು ಯಾವ ದಾರಿಯಿಂದ ಇರಬಹುದು ಎಂದು ನೋಡಿದಳು. ಅಲ್ಲಲ್ಲಿ ತುಳಿದ ಗುರುತಿತ್ತು, ನಡುವೆ ಇರಲಿಲ್ಲ. ಗುರುತಿದ್ದ ಕಡೆ ಕಾಲಿಟ್ಟಳು. ಇಲ್ಲದ ಕಡೆ ಉಸಿರು ಬಿಗಿಹಿಡಿದು, ಮೊದಲು ಹೆಬ್ಬೆರಳು ಊರಿ, ಆಮೇಲೆ ಅಂಗಾಲು ಇಳಿಸಿದಳು. ಒಂದೊಂದು ಹೆಜ್ಜೆಗೂ, ಇದೇ ಕೊನೆಯದು ಎಂದುಕೊಳ್ಳುತ್ತಿದ್ದಳು. ಒಮ್ಮೆ ಕಾಲಡಿ ಏನೋ ಟಕ್ ಎಂದಿತು. ಒಣಗಿದ ಕಡ್ಡಿ. ಆದರೂ ಬಹಳ ಹೊತ್ತು ಆ ಕಾಲನ್ನು ಎತ್ತಲಾಗಲಿಲ್ಲ.

ಕಪ್ಪಾದ ಗುಂಡಿ, ಬೂದಿ, ಖಾಮ್‌ಸೆಂಗ್‌ನ ಒಂದು ಚಪ್ಪಲಿ. ಅರ್ಧ ಸುಟ್ಟ ಕಳಲೆಗಳು ಚೆಲ್ಲಾಡಿದ್ದವು. ಲತ್ಸಮಿ ಕುಕ್ಕರುಗಾಲಲ್ಲಿ ಕೂತು, ಅಂಗಿಯನ್ನು ತೊಡೆಯ ಮೇಲೆ ಹಾಸಿ, ಮೊಟ್ಟೆ ಅನ್ನ ಅದರ ಮೇಲಿಟ್ಟು, ಬಲೆಯನ್ನು ಬೂದಿಯ ಮೇಲೆ ಗಾಳಿಯಲ್ಲಿ ಗೋರಿದಳು.

“ಬಾ ಖ್ವಾನ್, ಬಾ. ಇಲ್ಲಿ ಇರಬೇಡ. ಇಲ್ಲಿ ಮುಳ್ಳು, ಇಲ್ಲಿ ಹೊಗೆ. ಬೆಂಕಿ ಆರಿದೆ ನೋಡು, ಯಾರೂ ಬೈಯಲ್ಲ, ಬಾ. ಅನ್ನ ಬಿಸಿ ಐತೆ. ಬಾರೋ ಮಾರಾಯ, ನಂಗೆ ಇಲ್ಲಿ ಕೂರಕ್ಕೆ ಆಗ್ತಾ ಇಲ್ಲ...”

“ಏಯ್! ಅಲ್ಲೇ! ಅಲ್ಲೇ ಇರು! ಅಲ್ಲಾಡ್ಬೇಡ!”

ಪಟ್ಟಿಯಾಚೆ ನಿಂತಿದ್ದವಳು ತಂಡದ ಮುಖ್ಯಸ್ಥೆ ವಿಲಾಯ್, ಪಕ್ಕದ ಹಳ್ಳಿಯವಳು, ಲತ್ಸಮಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವಳ ಕೈಯಲ್ಲಿ ಅರ್ಧ ತಿಂದ ಅನ್ನದ ಉಂಡೆ ಇನ್ನೂ ಇತ್ತು. ಅದನ್ನು ಬಿಸಾಡಿ, ಕೈ ಒರೆಸಿ, ನೆಲ ಶೋಧಿಸುವ ಯಂತ್ರ ಹಿಡಿದು ಪಟ್ಟಿ ದಾಟಿದಳು.

“ಬಂದ ಹಾಗೇ ವಾಪಸ್ ಬರ್ತೀನಿ ಅಕ್ಕಾ...”

“ಬೇಡ! ಒಂದು ಬೆರಳೂ ಎತ್ತಬೇಡ. ನಾನೇ ಬರ್ತೀನಿ ಅಲ್ಲಿಗೆ. ಹೆಸ್ರೇನು ನಿಂದು?”

“ಲತ್ಸಮಿ.”

“ಲತ್ಸಮಿ, ನನ್ನ ಮುಖ ನೋಡ್ತಾ ಇರು. ನೆಲ ನೋಡ್ಬೇಡ. ನೆಲ ನೋಡೋದು ನನ್ನ ಕೆಲ್ಸ.”

ವಿಲಾಯ್ ಯಂತ್ರವನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ, ಬೀಸಿದಷ್ಟೇ ಅಗಲ ಮುಂದೆ ಬರುತ್ತಾ, ಕೈಯಿಂದ ಎಲೆ ಸರಿಸುತ್ತಾ ಬಂದಳು. ಅದು ಬಹಳ ನಿಧಾನದ ಕೆಲಸ. ಲತ್ಸಮಿಯ ಕಾಲು ಜೋಮು ಹಿಡಿಯಿತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಬಲೆ ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು.

“ಬಲೆಗೆ ಏನಾದ್ರೂ ಬಿತ್ತಾ?” ಎಂದಳು ವಿಲಾಯ್, ನೆಲದಿಂದ ಕಣ್ಣು ತೆಗೆಯದೆ.

“ಗೊತ್ತಿಲ್ಲ ಅಕ್ಕಾ.”

“ಗಂಡನ್ದಾ?”

“ಹೂಂ.”

“ಗಂಡಸ್ರ ಖ್ವಾನ್ ತೂಕ ಜಾಸ್ತಿ. ಗಟ್ಟಿಯಾಗಿ ಹಿಡ್ಕೋ.”

ಆಗ ಯಂತ್ರ ಕೀರಲು ದನಿಯಲ್ಲಿ ಚೀರಿತು. ವಿಲಾಯ್ ತಮಾಷೆ ನಿಲ್ಲಿಸಿದಳು. ಮಂಡಿಯೂರಿ ನೆಲಕ್ಕೆ ಮುಖ ಹತ್ತಿರ ತಂದು ನೋಡಿ, ಒಂದು ಕೆಂಪು ಕಡ್ಡಿ ಊರಿ, ಸುತ್ತು ಬಳಸಿ ಮತ್ತೆ ಮುಂದುವರಿದಳು. ಆ ಕಡ್ಡಿ ಎಷ್ಟು ಹತ್ತಿರದಲ್ಲಿದೆ ಎಂದು ಲತ್ಸಮಿ ತಿರುಗಿ ನೋಡಲಿಲ್ಲ. ಕೊನೆಗೆ ಗಟ್ಟಿಯಾದ ಒಂದು ಕೈ ಬಂದು ಅವಳ ತೋಳನ್ನು ಹಿಡಿದಾಗಲೇ ಅವಳಿಗೆ ಅಳು ಬಂದದ್ದು.

ಪಟ್ಟಿಯಾಚೆ ಬಂದ ಮೇಲೆ ವಿಲಾಯ್ ಬಾಯಿಗೆ ಬಂದಂತೆ ಬೈದಳು. “ಬುದ್ಧಿ ನೆಟ್ಟಗಿದ್ಯಾ ನಿಂಗೆ? ಒಬ್ಬನ ಹಾಸ್ಗೆ ಪಕ್ಕ ಇನ್ನೊಂದು ಹಾಸ್ಗೆ ಹಾಕ್ಬೇಕಿತ್ತಾ? ನಿನ್ನ ಖ್ವಾನ್ ಕರಿಯಕ್ಕೆ ಯಾರು ಬರ್ತಿದ್ರು, ಹೇಳು?” ಬೈದು ಬೈದು ಉಸಿರು ಕಟ್ಟಿ, ನೀರು ಕುಡಿದು, ಲತ್ಸಮಿಗೂ ಕುಡಿಸಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು, “ಕರೆಯೋದು ಮುಗೀತಾ?”

“ಇಲ್ಲ. ನೀವು ಕೂಗಿದ್ರಲ್ಲ.”

“ಹಾಗಾದ್ರೆ ಇಲ್ಲಿಂದ ಕರಿ. ಕೇಳ್ಸುತ್ತೆ. ನಾನೂ ಕೂಗ್ತೀನಿ, ನನ್ನ ಗಂಟ್ಲು ಜೋರು.”

ಇಬ್ಬರೂ ಪಟ್ಟಿಯ ಅಂಚಿನಲ್ಲಿ ಕೂತು ಖಾಮ್‌ಸೆಂಗ್‌ನ ಹೆಸರು ಹಿಡಿದು ಕರೆದರು. ಲತ್ಸಮಿ ಬಲೆಯ ಬಾಯನ್ನು ಅಂಗಿಯಿಂದ ಮುಚ್ಚಿ, ಎದೆಗವಚಿಕೊಂಡು, ದಾರಿಯಲ್ಲಿ ಯಾರೊಡನೆಯೂ ಮಾತಾಡದೆ ಆಸ್ಪತ್ರೆಗೆ ಬಂದಳು. ಅವ್ವ ಆ ಅಂಗಿಯನ್ನು ಅಳಿಯನ ಎದೆಯ ಮೇಲೆ ಹೊದಿಸಿ, ಖ್ವಾನ್ ಮತ್ತೆ ಮೈಬಿಟ್ಟು ಹೋಗದಿರಲೆಂದು ಎಡಗೈಗೆ ಬಿಳಿ ನೂಲು ಕಟ್ಟಿದಳು.

ಸಂಜೆ ಡಾಕ್ಟರು ಬಂದಾಗ ಮಾಲಾವನ್ ಕೂಡ ಇದ್ದಳು. ದಿಂಬಿನ ಪಕ್ಕದ ಮೊಟ್ಟೆ, ಮಂಚಕ್ಕೆ ಒರಗಿಸಿದ ಮೀನಿನ ಬಲೆ ಕಂಡು ಡಾಕ್ಟರು ಹುಬ್ಬೇರಿಸಿದರು. ಲತ್ಸಮಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಇಂಗ್ಲಿಷನ್ನು ತಾನೇ ಹೇಳಿದಳು. ಈಗ ಅವನು ಕಾಡಿನಿಂದ ಹೊರಗೆ ಬಂದ, ನಾನು ಹೋಗಿ ಕರೆತಂದೆ ಎಂದು. ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಮಾಲಾವನ್ ಒಂದೊಂದಾಗಿ ಕೇಳಿದಳು. ಬೆಳಗಿನ ಮಾತು, ಎಕ್ಸ್‌ರೇ, ಕೆಂಪು ಗೂಟ, ಯಂತ್ರದ ಚೀರು, ಎಲ್ಲ ಹೊರಗೆ ಬಂತು. ಅದನ್ನು ಡಾಕ್ಟರಿಗೆ ಹೇಳುತ್ತಾ ಹೇಳುತ್ತಾ ಮಾಲಾವನ್‌ಳ ದನಿಯೇ ಸಣ್ಣದಾಯಿತು. ಡಾಕ್ಟರ್ ಐವರ್ ಮಂಚದ ಅಂಚಿನಲ್ಲಿ ಕೂತುಬಿಟ್ಟರು. ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣುಜ್ಜಿಕೊಂಡರು.

“ಅಕ್ಕಾ,” ಎಂದಳು ಮಾಲಾವನ್, “ಅದು ಅವ್ರ ಮಾತಿನ ರೂಢಿ ಅಷ್ಟೆ. ಅದ್ರಲ್ಲಿ ಕಾಡೂ ಇಲ್ಲ, ಏನೂ ಇಲ್ಲ. ಅಪಾಯ ಇನ್ನೂ ಕಳೆದಿಲ್ಲ ಅನ್ನೋಕೆ ಹಾಗಂತಾರೆ.”

“ಅಪಾಯ ಅಂದ್ರೆ?”

“ಒಳಗಿನ ಗಾಯಕ್ಕೆ ನಂಜಾಗಿದೆ, ಜ್ವರ ಅದ್ರಿಂದ. ಔಷಧಿ ಹಿಡಿಬಹುದು... ಹಿಡೀದೇನೂ ಇರ್ಬಹುದು. ಈಗ್ಲೇ ಹೇಳಕ್ಕಾಗಲ್ಲ ಅಂತ.”

“ಸಾಯ್ಬಹುದು ಅಂತಾನಾ?”

ಮಾಲಾವನ್ ಅವಳ ಕೈ ಹಿಡಿದುಕೊಂಡಳು.

ಲತ್ಸಮಿ ನೆಲದ ಮೇಲೆ ಕೂತಳು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ, ಅದಕ್ಕೂ ಜಾಗವಿರಲಿಲ್ಲ. ಬೆಳಗಿನಿಂದ ಅವಳಿಗೆ ಭಯವಿತ್ತು ನಿಜ, ಆದರೆ ಆ ಭಯಕ್ಕೊಂದು ದಾರಿಯಿತ್ತು. ಎಲ್ಲಿಗೆ ಹೋಗಬೇಕು, ಏನು ಹಿಡಿಯಬೇಕು, ಏನೆಂದು ಕೂಗಬೇಕು ಎಂಬುದು ಗೊತ್ತಿತ್ತು. ಈಗ ಸರಿಯಾದ ಅರ್ಥ ತಿಳಿದ ಮೇಲೆ ಹೋಗಲು ಜಾಗವೇ ಇಲ್ಲ. ಗಾಜಿನ ಬಾಟಲಿಯಿಂದ ತೊಟ್ಟಿಕ್ಕುವ ಔಷಧಿಯನ್ನು ನೋಡುತ್ತಾ ಕೂರಬೇಕು. ಆ ಗೂಟಗಳ ನಡುವೆ ಕೂತಾಗಲೂ ಅವಳಿಗೆ ಇಷ್ಟು ಹೆದರಿಕೆಯಾಗಿರಲಿಲ್ಲ.

ಅಂದಿನಿಂದ ಡಾಕ್ಟರು ಅವಳೊಡನೆ ಮಾಲಾವನ್ ಇಲ್ಲದೆ ಒಂದು ಮಾತೂ ಆಡಲಿಲ್ಲ. ದಿನಕ್ಕೆ ಎರಡು ಸಲ ಬಂದು ನೇರವಾಗಿ ಹೇಳುತ್ತಿದ್ದರು. ಇಂದು ನಿನ್ನೆಯಂತೆಯೇ. ಇಂದು ಜ್ವರ ಸ್ವಲ್ಪ ಹೆಚ್ಚು. ಮದ್ದು ಬದಲಿಸಿದ್ದೇವೆ. ಅವರು ಬಾಗಿಲಲ್ಲಿ ಕಂಡರೆ ಲತ್ಸಮಿ ಎದ್ದು ಗೋಡೆ ಹಿಡಿದು ನಿಲ್ಲುತ್ತಿದ್ದಳು. ಪಕ್ಕದ ಹಾಸಿಗೆಯ ಮುದುಕ ತೀರಿಕೊಂಡ ದಿನ, ಬಿಳಿ ಬಟ್ಟೆ ಹಿಡಿದು ಬಂದವರು ತಮ್ಮ ಮಂಚದ ಕಡೆಗೇ ಬರುತ್ತಿದ್ದಾರೆಂದುಕೊಂಡು ಅವಳು ಗಂಡನ ಮೇಲೆ ಬಿದ್ದು ಅವನನ್ನು ತಬ್ಬಿಕೊಂಡಳು.

ಜ್ವರ ಒಮ್ಮೆಲೇ ಬಿಡಲಿಲ್ಲ. ಬಿಟ್ಟು ಬಿಟ್ಟು ಬಂತು. ಒಂದು ಬೆಳಿಗ್ಗೆ ಖಾಮ್‌ಸೆಂಗ್ ಅವಳ ಮುಖವನ್ನೇ ನೋಡುತ್ತಾ, “ತಲೆ ಬಾಚ್ಕೊಳ್ಳೇ, ದೆವ್ವದ ಥರ ಇದ್ದೀಯ,” ಎಂದ. ಅವಳು ಅವ್ವನನ್ನು ಕೂಗಲೂ ಮರೆತು ಹಾಗೇ ನಿಂತಳು. ಅವ್ವ ಚಾಪೆಯಿಂದಲೇ, “ನೋಡ್ದ್ಯಾ, ಖ್ವಾನ್ ಬಂದೈತೆ, ಜೊತೆಗೆ ಹಳೇ ಬಾಯೂ ಬಂದೈತೆ,” ಎಂದಳು. ಡಾಕ್ಟರು ಅದನ್ನು ಔಷಧಿಯ ಗುಣವೆಂದರು. ಎರಡೂ ಇರಲಿ ಎಂದುಕೊಂಡಳು ಲತ್ಸಮಿ. ಕಾಡಿನಲ್ಲಿ ತಾನು ಕರೆದದ್ದು ಕೇಳಿಸಿತೇ ಎಂದು ಅವನನ್ನು ಕೇಳಿದಳು. ಅವನಿಗೆ ಏನೂ ನೆನಪಿರಲಿಲ್ಲ.

ಖಾಮ್‌ಸೆಂಗ್ ಒಂದು ಕೈ, ಒಂದು ಕಣ್ಣಿನೊಂದಿಗೆ ಮನೆಗೆ ಬಂದ. ಎಡಗೈಯಲ್ಲಿ ಅನ್ನದ ಉಂಡೆ ಕಟ್ಟುವುದನ್ನು ಬೈಯುತ್ತಾ ಬೈಯುತ್ತಾ ಕಲಿತ. ಲತ್ಸಮಿ ವಸತಿಗೃಹದ ಕೆಲಸಕ್ಕೆ ಮರಳಿದಳು. ಈಗ ಅವಳು ಯಾರ ಮಾತಿಗೂ ಸುಮ್ಮನೆ ತಲೆಯಾಡಿಸುವುದಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ನಿಂತು, ಮತ್ತೊಮ್ಮೆ ಹೇಳಿ, ಬೇರೆ ಮಾತಲ್ಲಿ ಹೇಳಿ ಎಂದು ಕೇಳುತ್ತಾಳೆ. ಮೊಟ್ಟೆ ತಣ್ಣಗಾಯಿತೆಂದು ಕೆಲವರು ಸಿಡುಕುತ್ತಾರೆ. ಸಿಡುಕಲಿ.

ಮಳೆಗಾಲಕ್ಕೆ ಮುಂಚೆ ವಿಲಾಯ್‌ಳ ತಂಡ ಆ ತುಂಡು ಜಾಗಕ್ಕೆ ಬಂತು. ಸಿಕ್ಕ ಬಾಂಬಿಗಳನ್ನು ಸಿಡಿಸುವ ದಿನವನ್ನು ಊರಿಗೆಲ್ಲ ಮೊದಲೇ ಸಾರಿದ್ದರು. ಆದರೂ ಸದ್ದು ಕೇಳಿದಾಗ ಲತ್ಸಮಿಯ ಕೈಯಿಂದ ಚಾದರ ಕೆಸರಿಗೆ ಬಿತ್ತು. ಸಂಜೆ ವಿಲಾಯ್ ಮನೆಗೆ ಬಂದು, ನೆಲ ಹಸನಾಗಿದೆ, ಇನ್ನು ಉಳಬಹುದು ಎಂದಳು.

“ಅಕ್ಕಾ, ನಾನು ಕೂತಿದ್ದ ಜಾಗದಲ್ಲಿ...” ಎಂದು ಲತ್ಸಮಿ ಶುರುಮಾಡಿದಳು.

“ಯಾಕೆ ಬೇಕು ನಿಂಗೆ ಅದು?” ಎಂದಳು ವಿಲಾಯ್. “ಜೋಳ ಹಾಕಿ. ಮಣ್ಣು ಚೆನ್ನಾಗೈತೆ.”

ಆ ವರ್ಷ ಅವರು ಅಲ್ಲಿ ಜೋಳ ಬಿತ್ತಿದರು. ಬಿತ್ತುವಾಗ ಖಾಮ್‌ಸೆಂಗ್ ಮುಂದೆ ನಡೆಯುತ್ತಿದ್ದ, ಲತ್ಸಮಿ ಅವನ ಹೆಜ್ಜೆಯ ಮೇಲೆಯೇ ಹೆಜ್ಜೆ ಇಡುತ್ತಿದ್ದಳು. “ಪಕ್ಕದಲ್ಲಿ ನಡಿಯೇ, ನೆಲ ತೆರವಾಗಿದೆ,” ಎಂದು ಅವನು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ.